ಔಷಧದಾನ ಮತ್ತು ನಾವು ಮರೆತ ಪರಿಚಾರಕ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ಮಹಾವೀರ ಜಯಂತಿಯ ಆಸುಪಾಸಿನಲ್ಲಿ ಒಂದು ಉಚಿತ ತಪಾಸಣಾ ಶಿಬಿರ ನಡೆಸಿ, ಆ ವರ್ಷದ ಔಷಧದಾನ ಸಂದಿತೆಂದು ಸಮಾಧಾನಪಡುವ ಟ್ರಸ್ಟುಗಳೂ ನಮ್ಮಲ್ಲಿ ಹಲವುಂಟು. ಈ ಸಮಾಧಾನ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ಪರಾಮರ್ಶಿಸುವುದು ಅಗತ್ಯವೆಂದು ತೋರುತ್ತದೆ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಆ ದೊರೆಯ ಸಭೆಯಲ್ಲಿ ವೈದ್ಯರ ಎದುರು ನಿಂತು, ಮಾಂಸವು ಔಷಧವಾಗಲಾರದೆಂದು ಪ್ರತಿಪಾದಿಸಿದರು. ಅವರ ‘ಕಲ್ಯಾಣಕಾರಕ’ವು ಜೈನ ವೈದ್ಯಶಾಸ್ತ್ರದ ಹೆಮ್ಮೆಯ ಗ್ರಂಥ. ನಾವಾದರೋ ಆ ಮಹನೀಯರನ್ನು ಅಹಿಂಸೆಯ ವಾದಿಯಾಗಿ ನೆನೆಯುತ್ತೇವೆ, ರೋಗಿಯ ಬಳಿ ಕುಳಿತ ವೈದ್ಯರಾಗಿ ನೆನೆಯುವುದಿಲ್ಲ. ಅವರು ವಾದ ಮಂಡಿಸಿದ ನೆಲದ ಸುತ್ತಮುತ್ತ ಇಂದು ರೋಗಿಯ ಸ್ಥಿತಿ ಏನೆಂದು ಕೇಳುವುದೂ ಅವರ ಸ್ಮರಣೆಯ ಒಂದು ಭಾಗವೇ ಅಲ್ಲವೆ?

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದು ಪಾದ ಕುಂಟಿದರೂ ಚಿಕಿತ್ಸೆ ನಿಲ್ಲದು. ಈ ಅಳತೆಗೋಲನ್ನೇ ಹಿಡಿದು ನೋಡೋಣ.

ಮೊದಲನೆಯದು ವೈದ್ಯ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. 2018ರಲ್ಲಿ ಕೇಂದ್ರ ಸರ್ಕಾರವು ಹಿಂದುಳಿದ ಜಿಲ್ಲೆಗಳನ್ನು ವಿಶೇಷ ಗಮನಕ್ಕೆಂದು ಆರಿಸಿದಾಗ ಕರ್ನಾಟಕದಿಂದ ಸೇರಿದವು ಎರಡೇ, ರಾಯಚೂರು ಮತ್ತು ಯಾದಗಿರಿ. ಈಗ ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗದ ವಿದ್ಯಾರ್ಥಿಗಳಿಗೆ ಸ್ಥಾನಗಳ ಮೀಸಲಾತಿಯೂ ದೊರೆತಿದೆ. ಈ ಪಾದ ತಡವಾಗಿಯಾದರೂ ಬಲಗೊಳ್ಳುವ ಲಕ್ಷಣವಿದೆ.

ಎರಡನೆಯದು ಔಷಧ, ಎಂದರೆ ಇಂದಿನ ಕಾಲಕ್ಕೆ ಔಷಧೋಪಚಾರದ ವೆಚ್ಚ. 2010ರಲ್ಲಿ ಬಡ ಕುಟುಂಬಗಳಿಗಾಗಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದದ್ದು ಗುಲಬರ್ಗಾ ವಿಭಾಗದಲ್ಲಿಯೇ. ಹೃದ್ರೋಗ, ಕ್ಯಾನ್ಸರ್ ಮೊದಲಾದ ಭಾರಿ ಕಾಯಿಲೆಗಳ ಆಸ್ಪತ್ರೆ ವೆಚ್ಚವನ್ನು ಅದು ಭರಿಸಿತು. ಯೋಜನೆ ಇದ್ದ ಮತ್ತು ಇಲ್ಲದ ಗಡಿಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸಂಭವಿಸಿದ ಮರಣದ ಪ್ರಮಾಣ ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇಕಡಾ 0.32, ಇಲ್ಲದ ಕಡೆ 0.90. 2018ರಿಂದ ಈ ಯೋಜನೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿದೆ. ಆದುದರಿಂದ ಸರ್ಕಾರ ಏನನ್ನೂ ಮಾಡಿಲ್ಲವೆಂಬ ದೂರು ಸತ್ಯಕ್ಕೆ ದೂರ.

ಆ ಯೋಜನೆಯಲ್ಲಿ ನಮ್ಮ ಗಮನ ಸೆಳೆಯಬೇಕಾದ ಇನ್ನೊಂದು ಅಂಶವಿದೆ. ಅಲ್ಲಿಯೂ ಹಳ್ಳಿಗಳಲ್ಲಿ ಶಿಬಿರಗಳು ನಡೆದವು. ಆದರೆ ಆ ಶಿಬಿರ ಒಂದು ಆಸ್ಪತ್ರೆಯೊಡನೆ ಬೆಸೆದಿತ್ತು. ರೋಗ ಪತ್ತೆಯಾದವರನ್ನು ಅಲ್ಲಿಗೆ ಕರೆದೊಯ್ಯುವ ಏರ್ಪಾಡೂ ಇತ್ತು. ನಮ್ಮ ಶಿಬಿರಗಳ ಕೊರತೆ ಇಲ್ಲಿಯೇ ಇದೆ. ರಕ್ತದೊತ್ತಡ ಅಳೆದು, ಹದಿನೈದು ದಿನಗಳ ಮಾತ್ರೆ ಕೊಟ್ಟು, ದಾನಿಗಳಿಗೆ ಶಾಲು ಹೊದಿಸಿದ ಸಂಜೆಗೆ ನಮ್ಮ ಸಂಬಂಧ ಮುಗಿಯುತ್ತದೆ. ಹದಿನಾರನೆಯ ದಿನ ಆ ರೋಗಿ ಯಾರವನು?

ಮೂರನೆಯ ಪಾದ ಪರಿಚಾರಕ. ಸುರಪುರದ ಕಡೆಯ ಕೂಲಿ ಹೆಣ್ಣುಮಗಳೊಬ್ಬಳನ್ನು ವೈದ್ಯರು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆಂದು ಭಾವಿಸಿ. ಸುರಪುರಕ್ಕಾಗಲಿ ಶಹಾಪುರಕ್ಕಾಗಲಿ ರೈಲಿಲ್ಲ. ಬಸ್ಸಿನಲ್ಲಿ ಸುಮಾರು ನೂರು ಕಿಲೋಮೀಟರಿನ ಹಾದಿ. ಚಿಕಿತ್ಸೆ ಉಚಿತವಿರಬಹುದು, ಜೊತೆಗೆ ಹೋಗುವ ಗಂಡನ ಕೂಲಿ ಉಚಿತವಲ್ಲ. ಅವನಿಗೆ ಮಲಗಲು ಆಸ್ಪತ್ರೆಯ ಪಡಸಾಲೆ, ಉಣ್ಣಲು ಹೊರಗಿನ ಹೋಟೆಲು. ಯಾವ ಕಾಗದಕ್ಕೆ ಯಾವ ಕಿಟಕಿ ಎಂದು ಹೇಳುವವರಿಲ್ಲ. ಹತ್ತಿ ಬಿಡಿಸುವ ಕಾಲವಾದರೆ ಎರಡನೆಯ ಸಲ ಬರುವುದೇ ಇಲ್ಲ. ಊರಿಗೆ ಮರಳಿದ ಮೇಲೆ ‘ನಮ್ಮ ಹಣೆಬರಹ’ ಎನ್ನುತ್ತಾರೆ. ವೈದ್ಯನೂ ಇದ್ದ, ಔಷಧವೂ ಇತ್ತು, ರೋಗಿಯೂ ಸಿದ್ಧಳಿದ್ದಳು. ಪರಿಚಾರಕನ ಪಾದವೊಂದು ಮುರಿದುದರಿಂದ ಚಿಕಿತ್ಸೆಯೇ ಉರುಳಿತು.

ಈ ಪಾದ ಯಾರ ಹೊಣೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಔಷಧದಾನವನ್ನು ಬಿಡಿಯಾಗಿ ಇಡದೆ, ಆಹಾರ, ಉಪಕರಣ, ಆವಾಸಗಳೊಡನೆ ಸೇರಿಸಿ, ವೈಯಾವೃತ್ತ್ಯದ ಅಂಗವಾಗಿ ನಿರೂಪಿಸಿದ್ದಾರೆ. ವೈಯಾವೃತ್ತ್ಯವೆಂದರೆ ಶುಶ್ರೂಷೆ. ಊಟವಿಲ್ಲದೆ, ತಂಗಲು ತಾವಿಲ್ಲದೆ ಕೊಟ್ಟ ಔಷಧ ಅರೆದಾನವೆಂಬ ಅರ್ಥ ಇಲ್ಲಿ ಧ್ವನಿಸುತ್ತದೆ. ವೈಯಾವೃತ್ತ್ಯ ತ್ಯಾಗಿಗಳಿಗೆ ವಿಹಿತವಾದುದು, ಜನಸಾಮಾನ್ಯರಿಗಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಪಾತ್ರದಾನದ ವಿಚಾರದಲ್ಲಿ ಆ ಮಾತು ಸರಿ. ಆದರೆ ದುಃಖಿತರೆಲ್ಲರಿಗೂ ಸಲ್ಲುವ ಕರುಣಾದಾನವನ್ನೂ ನಮ್ಮ ಆಚಾರ್ಯರು ವಿಧಿಸಿದ್ದಾರಷ್ಟೆ. ಮುನಿಗಳಿಗೆ ಸಲ್ಲುವಾಗ ಔಷಧದೊಡನೆ ಆಹಾರ, ಆವಾಸ ಬೇಕು, ಕೂಲಿಕಾರನಿಗೆ ಮಾತ್ರೆಯೊಂದೇ ಸಾಕು ಎಂಬುದು ಕರುಣೆಯ ತರ್ಕವಲ್ಲ.

ಇದಕ್ಕೆ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ. ಕಲಬುರಗಿಯಲ್ಲಿ, ಯಾದಗಿರಿಯಲ್ಲಿ ಆಸ್ಪತ್ರೆಗೆ ಸಮೀಪ ಜಾತಿ ಮತ ಕೇಳದೆ ರೋಗಿಯ ಕಡೆಯವರಿಗೆ ನಾಲ್ಕಾರು ಕೋಣೆ, ಒಂದು ಅಡುಗೆಮನೆ. ಪಡಿತರ ಚೀಟಿ, ಶಿಫಾರಸು ಪತ್ರಗಳ ವ್ಯವಹಾರ ಬಲ್ಲ, ಸಂಬಳ ಪಡೆದು ದಿನವೂ ಕೂರುವ ಒಬ್ಬ ಕಾರ್ಯಕರ್ತ. ಬಸ್ಸಿನ ಖರ್ಚಿಗೆ ಒಂದು ಚಿಕ್ಕ ನಿಧಿ. ಒಂದು ಶಿಬಿರದ ಪೆಂಡಾಲು, ಬ್ಯಾನರು, ಸನ್ಮಾನಗಳ ವೆಚ್ಚವನ್ನು ಈ ಕಡೆಗೆ ತಿರುಗಿಸಿದರೆ ಆರಂಭಕ್ಕೆ ಅದೇ ಸಾಕಾದೀತು. ಆದರೆ ಇದರಲ್ಲಿ ಹೆಸರು ಕೆತ್ತಿಸಲು ದೊಡ್ಡ ಕಲ್ಲು ದೊರೆಯದು. ನಮ್ಮ ಹಿಂಜರಿಕೆಗೆ ಅದೇ ಕಾರಣವಾಗಿದ್ದರೆ, ಹಣವನ್ನು ತ್ಯಜಿಸಿ ಹೆಸರನ್ನು ಪರಿಗ್ರಹಿಸಿದಂತಾಯಿತು.

ಟ್ರಸ್ಟಿನ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ವಾರ್ಷಿಕ ವರದಿಯಲ್ಲಿ ಶಿಬಿರಕ್ಕೆ ಎಷ್ಟು ಜನ ಬಂದರೆಂದು ಬರೆಯುವ ಸಾಲಿನ ಕೆಳಗೆ ಇನ್ನೆರಡು ಸಾಲು ಸೇರಿಸಿ: ಅವರಲ್ಲಿ ಎಷ್ಟು ಜನ ಆಸ್ಪತ್ರೆ ಮುಟ್ಟಿದರು, ಮೂರು ತಿಂಗಳ ಬಳಿಕ ಎಷ್ಟು ಜನ ಮಾತ್ರೆ ನುಂಗುತ್ತಿದ್ದಾರೆ. ಆ ಎರಡು ಸಾಲು ಬರೆಯಲು ಸಾಧ್ಯವಾದ ದಿನ ನಮ್ಮ ಔಷಧದಾನ ಸಂದಿತೆಂದು ನಿಸ್ಸಂಕೋಚವಾಗಿ ಹೇಳಬಹುದು.