ಮುಖ ನೋಡಿ ಮಣೆ ಹಾಕಬೇಡಿ: ಹಳೆಯ ಎಚ್‌ಎಂಟಿ ವಾಚಿನ ರಸಿಕರಿಗೊಂದು ಕೈಪಿಡಿ

ನಾನು ಕಾಸು ಕೊಟ್ಟು ಕೊಂಡ ಮೊದಲ ಎಚ್‌ಎಂಟಿ ವಾಚು ಆಕಾಶನೀಲಿ ಬಣ್ಣದ ‘ಪೈಲಟ್’. ಆನ್‌ಲೈನಿನಲ್ಲಿ ತರಿಸಿದ್ದು. ಮುಖ ಫಳಫಳ, ಅಂಕಿಗಳು ನಿನ್ನೆ ಬರೆದ ಹಾಗೆ. ಹದಿನೈದು ದಿನದಲ್ಲಿ ನಿಮಿಷದ ಮುಳ್ಳು ಸಡಿಲಾಗಿ ಎಲ್ಲೆಂದರಲ್ಲಿ ತೂಗಾಡತೊಡಗಿತು. ಬೆಂಗಳೂರಿನ ಪೀಣ್ಯದಲ್ಲಿ ಟೀ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಮೇಜಿನಷ್ಟೇ ಜಾಗದಲ್ಲಿ ಕೂರುವ ಹಿರಿಯ ರಿಪೇರಿಯವರ ಬಳಿ ಒಯ್ದೆ. ಅವರು ಹಿಂಬದಿಯ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ನಿಮಿಷ ನೋಡಿದರು. ಆಮೇಲೆ, ಒಳಗಿರುವುದು ಇಲ್ಲಿಯದೇ, ಮುಖ ಮಾತ್ರ ಯಾರದೋ ಎಂದು ನಕ್ಕರು.

ಈ ಹವ್ಯಾಸದ ಮೊದಲ ಪಾಠ ಅಷ್ಟೇ. ನಕಲಿ ವಾಚು ಎಂದರೆ ಮೆಜೆಸ್ಟಿಕ್ಕಿನ ಫುಟ್‌ಪಾತಿನ ಮೇಲಿರುವ ‘ಫಸ್ಟ್ ಕಾಪಿ’ ರೋಲೆಕ್ಸ್ ಮಾತ್ರವಲ್ಲ. ಅಸಲಿ ಯಂತ್ರಕ್ಕೆ ಸುಳ್ಳು ಮುಖ ಅಂಟಿಸಿದ್ದೂ ನಕಲಿಯೇ. ಮೊದಲನೆಯದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಎರಡನೆಯದನ್ನು ಗುರುತಿಸಲು ಕಣ್ಣು ಪಳಗಬೇಕು. ಹಾಗೆ ಪಳಗಿದ ಕಣ್ಣಿಗೇ ವಾಚಿನ ಸೊಗಸೂ ಕಾಣುವುದು.

ಜಾಲಹಳ್ಳಿಯಿಂದ ಶುರು

ವಾಚಿನ ಹುಚ್ಚು ಹಿಡಿಸಿಕೊಳ್ಳಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಿಲ್ಲ, ಮೆಟ್ರೋದ ಹಸಿರು ಮಾರ್ಗ ಹಿಡಿದರೆ ಸಾಕು. ಎಚ್‌ಎಂಟಿ, ಅಂದರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1953ರಲ್ಲಿ ಹುಟ್ಟಿದ್ದು ಯಂತ್ರ ತಯಾರಿಸುವ ಯಂತ್ರಗಳಿಗಾಗಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದು ಜಾಲಹಳ್ಳಿಯಲ್ಲಿ ಕೈಗಡಿಯಾರಕ್ಕೆ ಕೈಹಾಕಿತು. ಮೊದಲ ವಾಚುಗಳನ್ನು 1961ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳೆದ್ದವು.

ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಕೆಲಸ ಸಿಕ್ಕ ತಮ್ಮನಿಗೆ, ಮದುವೆಯ ಗಂಡಿಗೆ ಅಂದು ಕೊಡುತ್ತಿದ್ದುದು ಎಚ್‌ಎಂಟಿಯನ್ನೇ. ಹಾಗಾಗಿ ಈ ವಾಚುಗಳಿಗೆ ಅಂಗಡಿಯ ಬೆಲೆಯ ಜೊತೆಗೆ ಮನೆಯ ನೆನಪೂ ಅಂಟಿಕೊಂಡಿರುತ್ತದೆ. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ 1984ರಲ್ಲಿ ಟೈಟಾನ್ ಕಟ್ಟಿದ ಮೇಲೆ ಆಟ ಬದಲಾಯಿತು. ಹೊಸೂರಿನಿಂದ ಬಂದ, ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚಿಗೆ ಕೀಲಿ ಕೊಡುವ ಗೊಡವೆಯೇ ಇರಲಿಲ್ಲ. ಇವತ್ತು ಆ ಕಂಪನಿಯ ಮುಖ್ಯ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಊರಿನ ಒಂದು ತುದಿಯಲ್ಲಿ ಒಂದು ಕಾಲ ಮುಗಿಯಿತು, ಇನ್ನೊಂದು ತುದಿಯಲ್ಲಿ ಇನ್ನೊಂದು ಬೆಳೆಯಿತು.

ಮುಚ್ಚಿದ ಸುದ್ದಿ ಬಂದದ್ದೇ ತಡ, ಹಳೆಯ ವಾಚುಗಳ ಬೆಲೆ ಏರಿತು. ಬೆಲೆ ಏರಿದಲ್ಲಿ ಬಣ್ಣ ಬಳಿಯುವವರೂ ಬರುತ್ತಾರೆ.

ಹೆಸರುಗಳ ಪರಿಚಯ

ಹೊಸಬರು ನಾಲ್ಕೈದು ಹೆಸರು ತಿಳಿದುಕೊಂಡರೆ ಸಾಕು. ‘ಜನತಾ’ ಹೆಸರಿಗೆ ತಕ್ಕಂತೆ ಎಲ್ಲರ ವಾಚು: ತಿಳಿಮುಖ, ಸಣ್ಣ ಗಾತ್ರ, ಕೀಲಿ ಕೊಟ್ಟು ಓಡಿಸುವಂಥದ್ದು. ‘ಪೈಲಟ್’ನ ಗುರುತು ಕಪ್ಪು ಮುಖ, ದಪ್ಪ ಬಿಳಿ ಅಂಕಿ. ‘ಜವಾನ್’ ಸೈನಿಕರನ್ನು ನೆನೆದು ಮಾಡಿದ್ದು. ‘ಸೋನಾ’ ತೆಳು ಮೈಯ ಚಿನ್ನದ ಬಣ್ಣದ ವಾಚು. ‘ಕಾಂಚನ್’ ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವ ಆಟೊಮ್ಯಾಟಿಕ್. ಒಂದು ಕಾಲಕ್ಕೆ ಮಾವನ ಮನೆಯವರನ್ನು ಕೇಳಿ ಪಡೆಯುತ್ತಿದ್ದ ವಾಚು.

ಜನತಾದೊಳಗೂ ಪೈಲಟ್‌ನೊಳಗೂ ಸಾಮಾನ್ಯವಾಗಿ ಸಿಗುವುದು ‘0231’ ಎಂಬ ಒಂದೇ ಯಂತ್ರ. ನಕಲಿ ಮುಖದವರಿಗೆ ಅನುಕೂಲವಾದದ್ದು ಇದೇ. ಮುರಿದ ಜನತಾ ಅಗ್ಗಕ್ಕೆ ಸಿಗುತ್ತದೆ, ಅದಕ್ಕೆ ಪೈಲಟ್‌ನ ಮುಖ ಹೊಂದಿಸಿದರೆ ದುಡ್ಡು ದುಪ್ಪಟ್ಟು.

ಕೇಳುವುದನ್ನು ಕಲಿಯಿರಿ

ಸಂಗೀತದ ಹಾಗೆ ವಾಚಿಗೂ ಮೊದಲು ಕಿವಿ ಕೊಡಬೇಕು. ರಾತ್ರಿ ಫ್ಯಾನ್ ಆರಿಸಿ, ವಾಚನ್ನು ಕಿವಿಗೆ ಹಿಡಿಯಿರಿ. 0231 ಯಂತ್ರ ಗಂಟೆಗೆ 18,000 ಬಾರಿ ಮಿಡಿಯುತ್ತದೆ. ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000. ಕ್ವಾರ್ಟ್ಜ್ ವಾಚಿನ ಮುಳ್ಳು ಸೆಕೆಂಡಿಗೊಮ್ಮೆ ನೆಗೆದರೆ, ಇದು ಐದು ಪುಟ್ಟ ಹೆಜ್ಜೆ ಇಟ್ಟು ಜಾರಿದಂತೆ ಸಾಗುತ್ತದೆ. ಟಿಕ್ಕಿಗೂ ಟಾಕಿಗೂ ನಡುವಿನ ಅಂತರ ಸಮವಾಗಿರಬೇಕು. ಕುಂಟುತ್ತಿದ್ದರೆ ಬ್ಯಾಲೆನ್ಸ್ ಚಕ್ರದ ಹೊಂದಾಣಿಕೆ ತಪ್ಪಿದೆ ಎಂದರ್ಥ.

ಆಮೇಲೆ ಹಿಂಬದಿ ಬಿಚ್ಚಿಸಿ ನೋಡಿ. ನೀವು ಕೊಟ್ಟ ಕೀಲಿ ಒಂದು ಡಬ್ಬಿಯೊಳಗಿನ ಸುರುಳಿ ಸ್ಪ್ರಿಂಗಿನಲ್ಲಿ ಕೂತಿದೆ. ಅದು ಒಮ್ಮೆಲೇ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಹಲ್ಲುಚಕ್ರಗಳ ಸಾಲು ಆ ಬಲವನ್ನು ಸಾಗಿಸುತ್ತದೆ, ಕೊನೆಯಲ್ಲಿ ಕವಲುಗೋಲಿನಂಥ ಪುಟ್ಟ ಕೀಲು ಒಂದೊಂದೇ ಹಲ್ಲನ್ನು ಹಿಡಿದು ಬಿಡುತ್ತದೆ. ಹಿಡಿಯುವ, ಬಿಡುವ ಆ ಲಯವನ್ನು ನಿರ್ಧರಿಸುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಅದರ ಕೂದಲೆಳೆಯ ಸ್ಪ್ರಿಂಗು. ಡಯಲಿನ ಮೇಲಿನ ‘17 ಜ್ಯುವೆಲ್ಸ್’ ಎಂಬುದು ಒಡವೆಯ ಜಂಬವಲ್ಲ. ಅಚ್ಚುಗಳು ಸವೆಯದಿರಲೆಂದು ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳ ಲೆಕ್ಕ ಅದು. ‘ಪ್ಯಾರಾಶಾಕ್’ ಎಂದರೆ ಸಿಟಿಜನ್‌ನಿಂದ ಬಂದ ಏಟು ತಡೆಯುವ ವ್ಯವಸ್ಥೆ: ವಾಚು ಬಿದ್ದಾಗ ಬ್ಯಾಲೆನ್ಸ್ ಚಕ್ರದ ಸೂಜಿಮೊನೆ ಮುರಿಯದಂತೆ ಅದರ ಹರಳನ್ನು ಪುಟ್ಟ ಸ್ಪ್ರಿಂಗಿನ ಮೇಲೆ ಕೂರಿಸಿರುತ್ತಾರೆ.

ಒಂದೇ ವಯಸ್ಸಿನ ಲೆಕ್ಕ

ಕೊಳ್ಳುವಾಗ ನಾನು ಈಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ವಾಚಿನ ಅಂಗಗಳೆಲ್ಲ ಜೊತೆಯಲ್ಲಿ ಮುದಿಯಾಗಿವೆಯೇ?

ನಲವತ್ತು ವರ್ಷ ಬೆವರು ಕುಡಿದ ಕೇಸಿನ ಅಂಚು ಸವೆದಿರುತ್ತದೆ, ಕೀಲಿಯ ಗುಬ್ಬಿಯ ಹಲ್ಲು ನುಣುಪಾಗಿರುತ್ತದೆ, ಮುಳ್ಳು ಮಂಕಾಗಿರುತ್ತದೆ. ಹಾಗಿರುವಾಗ ಮುಖಕ್ಕೆ ಮಾತ್ರ ಹದಿನಾರರ ಹರೆಯ ಬಂದದ್ದು ಹೇಗೆ? ಅಸಲಿ ಡಯಲ್ ಕೆನೆಬಣ್ಣಕ್ಕೆ ತಿರುಗಿರಬಹುದು, ಅಂಚಿನಲ್ಲಿ ಕಲೆ ಕಟ್ಟಿರಬಹುದು. ಅದು ಕುಂದಲ್ಲ, ವಾಚಿನ ಜಾತಕ.

ಭೂತಗನ್ನಡಿಯಲ್ಲಿ ಅಕ್ಷರಗಳನ್ನು ನೋಡಿ. ಕಾರ್ಖಾನೆಯ ಮುದ್ರಣದ ಗೆರೆ ಚೂಪು, ಆರರ ಅಂಕಿಯ ಕೆಳಗಿನ ಇರುವೆಯಂಥ ಬರಹವೂ ಸ್ಪಷ್ಟ. ಮರುಬಣ್ಣದ ಡಯಲಿನಲ್ಲಿ ಶಾಯಿ ಉಬ್ಬಿರುತ್ತದೆ, ನಿಮಿಷದ ಗೆರೆಗಳು ಅಂಕಿಗಳ ಜೊತೆ ಕೂಡುವುದಿಲ್ಲ, ತಾರೀಖಿನ ಕಿಟಕಿಯ ಅಂಚು ಹರಿದ ಹಾಗಿರುತ್ತದೆ. ಗುಲಾಬಿ, ಗಿಳಿಹಸಿರು, ಕಿತ್ತಳೆ ಬಣ್ಣದ ಹಳೆಯ ಪೈಲಟ್ ಅಥವಾ ಜನತಾ ಕಂಡರೆ ಮೆಚ್ಚುವ ಮೊದಲು ಅನುಮಾನಿಸಿ. ಒಬ್ಬನೇ ಮಾರಾಟಗಾರನ ಬಳಿ ಒಂದೇ ಮಾದರಿಯ ಹತ್ತು ವಾಚು ಹತ್ತು ಬಣ್ಣದಲ್ಲಿದ್ದರೆ ಅದು ಹಳೆಯ ಸಂಗ್ರಹವಲ್ಲ, ಹೊಸ ಬಣ್ಣದ ಡಬ್ಬಿ.

ಬೇರೆ ಬೇರೆ ವಾಚುಗಳ ಬಿಡಿಭಾಗ ಜೋಡಿಸಿದ ಇಂಥವನ್ನು ಸಂಗ್ರಾಹಕರು ‘ಫ್ರಾಂಕನ್‌ವಾಚ್’ ಎನ್ನುತ್ತಾರೆ. ಕಟ್ಟಿಕೊಳ್ಳಲೇಬಾರದೆಂದಲ್ಲ. ಮಾರುವವನು ಮರುಬಣ್ಣದ್ದೆಂದು ಹೇಳಿ, ಅದಕ್ಕೆ ತಕ್ಕ ಬೆಲೆ ಹಾಕಿದರೆ ಕಲಿಯುವ ಕೈಗೆ ಅದು ಒಳ್ಳೆಯ ಸ್ಲೇಟು. ಅಸಲಿ ಎಂದು ಮಾರಿದರೆ ಮೋಸ. ಇನ್ನು ದೊಡ್ಡ ಬ್ರ್ಯಾಂಡಿನ ಹೆಸರು ಹೊತ್ತ ಫಸ್ಟ್ ಕಾಪಿಯ ಮಾತು: ಸುಳ್ಳು ಟ್ರೇಡ್‌ಮಾರ್ಕ್ ಹಾಕುವುದೂ ಅಂಥ ಮಾಲು ಮಾರುವುದೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್‌ಗಳ ಪ್ರಕಾರ ಅಪರಾಧ. ಶಿಕ್ಷೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಅದು ಹಾಗಿರಲಿ, ಆ ವಾಚು ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ಬಿಚ್ಚಲು ಮರ್ಯಾದಸ್ಥ ರಿಪೇರಿಯವರು ಒಪ್ಪುವುದಿಲ್ಲ. ಅದೇ ಹಣಕ್ಕೆ ಒಂದು ನಿಜವಾದ ಜನತಾ ಬರುತ್ತದೆ.

ಕೊಳ್ಳುವ ಮುನ್ನ ಎರಡು ಕೆಲಸ ಮಾಡಿ. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಒಮ್ಮೆ ಹೋಗಿ ಗಾಜಿನ ಹಿಂದಿರುವ ಅಸಲಿ ಮುಖಗಳನ್ನು ಕಣ್ತುಂಬ ನೋಡಿ ಬನ್ನಿ. ಆಮೇಲೆ, ಯಾರೇ ಮಾರಲಿ, ಒಳಗಿನ ಯಂತ್ರದ ಫೋಟೊ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಮುಂದಿನವರ ಬಳಿ ಹೋಗಿ.

ಸಾಕುವುದು ಹೇಗೆ

ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಕೀಲಿ ಕೊಡಿ. ಹಾಲು ಕಾಯಲು ಇಟ್ಟಾಗ ನಮ್ಮ ಅಪ್ಪ ಕೊಡುತ್ತಿದ್ದರು. ಹಾಲು ಉಕ್ಕುವುದರೊಳಗೆ ಕೀಲಿ ಮುಗಿಯುತ್ತಿತ್ತು. ವಾಚನ್ನು ಕೈಯಿಂದ ಬಿಚ್ಚಿ, ಗುಬ್ಬಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ನಿಧಾನ ತಿರುಗಿಸಿ. ಬಿಗಿಯಾದೊಡನೆ ನಿಲ್ಲಿಸಿ, ಇನ್ನೊಂದು ಸುತ್ತಿಗೆ ಆಸೆಪಡಬೇಡಿ. ತಾರೀಖು ಇರುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ಚಕ್ರದ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಒತ್ತಾಯಿಸಿದರೆ ಮುರಿಯುತ್ತವೆ.

ಲ್ಯಾಪ್‌ಟಾಪಿನ ಮುಂದೆ ದುಡಿಯುವ ವೈಟ್‌ಫೀಲ್ಡ್‌ನವರಿಗೆ ಒಂದು ವಿಶೇಷ ಎಚ್ಚರಿಕೆ. ನಿನ್ನೆಯವರೆಗೆ ಸರಿಯಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡಿದರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಲ್ಯಾಪ್‌ಟಾಪಿನ ಸ್ಪೀಕರ್, ಫೋನ್ ಕವರಿನ ಅಯಸ್ಕಾಂತ, ಬ್ಯಾಗಿನ ಗುಂಡಿಗಳ ಸಹವಾಸದಿಂದ ಕೂದಲೆಳೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದಿಕ್ಸೂಚಿಯ ಬಳಿ ಹಿಡಿದರೆ ಸೂಜಿ ತಿರುಗುತ್ತದೆ. ಕಾಂತತ್ವ ಕಳೆಯುವ ಪುಟ್ಟ ಉಪಕರಣದಿಂದ ಅರೆ ನಿಮಿಷದ ಕೆಲಸ. ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವವರ ಶತ್ರು ಬೇರೆ: ಕಬ್ಬಿಣದ ಪುಡಿ ಮತ್ತು ಬೆವರು. ಕೆಲಸಕ್ಕೆ ಹೋಗುವಾಗ ಹಳೆಯ ವಾಚು ಮನೆಯಲ್ಲೇ ಇರಲಿ.

ನೀರು ಎಲ್ಲರಿಗೂ ಶತ್ರು. ಹಿಂಬದಿಯಲ್ಲಿ ಏನೇ ಕೆತ್ತಿರಲಿ, ನಲವತ್ತು ವರ್ಷದ ರಬ್ಬರನ್ನು ನಂಬಿ ಕೈ ತೊಳೆಯಬೇಡಿ. ಮುಂದಿನ ಗಾಜು ಗಾಜಲ್ಲ, ಅಕ್ರಿಲಿಕ್. ಗೀರುಗಳಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ತಿಳಿಯಾಗುತ್ತದೆ.

ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಬೇಕು. ಕೊಡುವ ಮುನ್ನ ಒಂದು ಮಾತು ಕೇಳಿ: ಪೂರ್ತಿ ಬಿಚ್ಚಿ ತೊಳೆಯುತ್ತೀರೋ, ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆಯುತ್ತೀರೋ? ಅದ್ದಿ ತೆಗೆದರೆ ಹಳೆಯ ಎಣ್ಣೆ ಹೋಗುತ್ತದೆ, ಹರಳುಗಳಿಗೆ ಹೊಸ ಎಣ್ಣೆ ಸೇರುವುದಿಲ್ಲ. ವಾಚು ಕೆಲವು ತಿಂಗಳು ಚುರುಕಾಗಿ ಓಡಿ ಒಣಗಿ ಸವೆಯುತ್ತದೆ. ಬಿಚ್ಚಿ ತೊಳೆಯುವವರು ಹೆಚ್ಚು ಹಣ ಕೇಳುತ್ತಾರೆ, ಚೌಕಾಸಿ ಮಾಡಬೇಡಿ. ಆ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಅದನ್ನು ದೋಷವೆನ್ನಬೇಡಿ, ವಯಸ್ಸೆನ್ನಿ.

ಆ ಆಕಾಶನೀಲಿ ಪೈಲಟ್ ಈಗಲೂ ನನ್ನಲ್ಲಿದೆ, ಹೊಸಬರಿಗೆ ತೋರಿಸಲು. ನೀವು ಮಾತ್ರ ಮೊದಲ ವಾಚನ್ನು ಕೊಳ್ಳಲೇಬೇಡಿ. ಊರಿಗೆ ಹೋದಾಗ ಬೀರುವಿನ ಒಳಗೂಡಿನಲ್ಲಿ, ಹಳೆಯ ರೇಷನ್ ಕಾರ್ಡಿನ ಕೆಳಗೆ ಹುಡುಕಿ. ನಿಂತುಹೋದ ಎಚ್‌ಎಂಟಿ ಒಂದು ಸಿಕ್ಕರೆ ಅದರ ಮುಖ ಯಾರದೆಂದು ಯಾರನ್ನೂ ಕೇಳಬೇಕಿಲ್ಲ. ಸರ್ವಿಸ್ ಮಾಡಿಸಿ, ಪಟ್ಟಿ ಬದಲಿಸಿ, ಕೀಲಿ ಕೊಡಿ. ಡಯಲನ್ನು ಮಾತ್ರ ಮುಟ್ಟಬೇಡಿ.