ಅಡ್ವಾನ್ಸ್ ಬುಕಿಂಗ್ ಇಲ್ಲದ ಪ್ರಯಾಣ

ಪ್ರತಿ ವರ್ಷ ಡಿಸೆಂಬರ್ 7ನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ದಿನ ಅಂತ ಆಚರಿಸುತ್ತಾರೆ. 1944ರಲ್ಲಿ ಅದೇ ದಿನ ಷಿಕಾಗೊದಲ್ಲಿ 52 ದೇಶಗಳು ವಿಮಾನಯಾನದ ಒಪ್ಪಂದಕ್ಕೆ ಸಹಿ ಹಾಕಿದ್ದವು. ವಿಮಾನ ಜಗತ್ತನ್ನು ಹತ್ತಿರ ತಂದಿತು, ದೂರದ ಊರುಗಳನ್ನು ಬೆಸೆಯಿತು ಎಂದು ಆವತ್ತು ಭಾಷಣಗಳಾಗುತ್ತವೆ. ಮಾತು ಸುಳ್ಳಲ್ಲ. ಆದರೆ ಯಾರನ್ನು ಹತ್ತಿರ ತಂದಿತು, ಯಾವ ದಿನ ತಂದಿತು, ಎಷ್ಟು ರೂಪಾಯಿಗೆ ತಂದಿತು ಎನ್ನುವ ಲೆಕ್ಕವನ್ನು ಯಾರೂ ಒಪ್ಪಿಸುವುದಿಲ್ಲ. ಬ್ಯಾಂಕಿನಲ್ಲಿ ಜೀವಮಾನ ಕಳೆದ ನನ್ನಂಥವನಿಗೆ ಲೆಕ್ಕ ನೋಡದೆ ಸಹಿ ಹಾಕಿ ಅಭ್ಯಾಸವಿಲ್ಲ. ಹಾಗಾಗಿ ಈ ಬೆಸುಗೆಯ ಕಥೆಯನ್ನು ನಮ್ಮವರಿಗೆ ಹೇಳಿದ ಒಂದು ಪುಸ್ತಕವನ್ನೂ ಒಂದು ಸಿನಿಮಾವನ್ನೂ ಎದುರಿಗಿಟ್ಟುಕೊಂಡು ನೋಡೋಣ ಅಂತ ಹೊರಟಿದ್ದೇನೆ.

ಪುಸ್ತಕ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಆತ್ಮಕಥೆ, 'ಸಿಂಪ್ಲಿ ಫ್ಲೈ'. ಇಂಗ್ಲಿಷಿನಲ್ಲಿ ಬಂದದ್ದು 2010ರಲ್ಲಿ. ಕನ್ನಡಕ್ಕೆ ವಿಶ್ವೇಶ್ವರ ಭಟ್ಟರು 'ಬಾನಯಾನ' ಎಂದು ತಂದರು. ಸಿನಿಮಾ ಅದೇ ಪುಸ್ತಕದ ಎಳೆ ಹಿಡಿದು ಸುಧಾ ಕೊಂಗರ ತಮಿಳಿನಲ್ಲಿ ಮಾಡಿದ 'ಸೂರರೈ ಪೋಟ್ರು'. 2020ರ ನವೆಂಬರಿನಲ್ಲಿ, ಥಿಯೇಟರುಗಳ ಬಾಗಿಲು ಸರಿಯಾಗಿ ತೆರೆಯದಿದ್ದ ಕಾಲದಲ್ಲಿ, ನೇರವಾಗಿ ಮನೆಯ ಪರದೆಗೇ ಬಂತು. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಪಡೆಯಿತು. ಇದನ್ನೇ 2024ರಲ್ಲಿ ಹಿಂದಿಯಲ್ಲಿ 'ಸರ್ಫಿರಾ' ಎಂದು ಮಾಡಿ, ನಾಯಕನನ್ನು ಮಹಾರಾಷ್ಟ್ರದ ಹಳ್ಳಿಯವನನ್ನಾಗಿಸಿದರು. ಹಾಸನದ ಕಥೆ ಮಧುರೆ ಸುತ್ತಿ ಮುಂಬಯಿಗೆ ಬಂತು ಅನ್ನಿ.

ಪುಸ್ತಕದ ಮಟ್ಟಿಗೆ ಮೊದಲು ಮೆಚ್ಚುಗೆಯ ಮಾತು. ಗೊರೂರಿನ ಮೇಷ್ಟ್ರ ಮಗ, ಕನ್ನಡ ಶಾಲೆಯಲ್ಲಿ ಓದಿದವರು, ಬಿಜಾಪುರದ ಸೈನಿಕ ಶಾಲೆ ಸೇರಿ ಸೈನ್ಯಕ್ಕೆ ಹೋಗುತ್ತಾರೆ. ಚಿಕ್ಕ ವಯಸ್ಸಿಗೇ ಸೈನ್ಯ ಬಿಟ್ಟು ಬರುತ್ತಾರೆ. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ಲಿನಲ್ಲಿ ಸಿಕ್ಕಿದ ಒಣಭೂಮಿಯಲ್ಲಿ ರೇಷ್ಮೆ ಬೆಳೆಯುತ್ತಾರೆ, ಹಾಸನದಲ್ಲಿ ಹೋಟೆಲು ನಡೆಸುತ್ತಾರೆ, ಆಮೇಲೆ ಹೆಲಿಕಾಪ್ಟರ್ ಕಂಪನಿ, ಕೊನೆಗೆ 2003ರಲ್ಲಿ ಏರ್ ಡೆಕ್ಕನ್. ಇದೇ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು 'ಅಮೆರಿಕದಲ್ಲಿ ಗೊರೂರು' ಬರೆದದ್ದು, ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಒಂದೇ ಹಳ್ಳಿಯಿಂದ ಒಬ್ಬರು ವಿಮಾನ ಹತ್ತಿ ಬರೆದರು, ಇನ್ನೊಬ್ಬರು ವಿಮಾನ ಹಾರಿಸಿ ಬರೆದರು.

ಗೋಪಿನಾಥರ ಬರವಣಿಗೆಯಲ್ಲಿ ಅಳುಬುರುಕತನ ಇಲ್ಲ. ಸೋತದ್ದನ್ನು ಸೋತೆ ಅಂತಲೇ ಬರೆಯುತ್ತಾರೆ. ಹುಬ್ಬಳ್ಳಿಯಂಥ ಊರಿಗೂ ವಿಮಾನ ಬೇಕು, ಬಸ್ಸು ರೈಲಿನವರನ್ನು ವಿಮಾನಕ್ಕೆ ತರಬೇಕು ಎನ್ನುವುದು ಅವರಿಗೆ ಘೋಷಣೆಯಾಗಿರಲಿಲ್ಲ, ಲೆಕ್ಕವಾಗಿತ್ತು. ಒಂದು ರೂಪಾಯಿ ಟಿಕೆಟ್ಟು ಎಂದಾಗ ನಕ್ಕವರೇ ಹೆಚ್ಚು. ತೆರಿಗೆ, ಶುಲ್ಕ ಬೇರೆ ಇದ್ದವು, ಇರಲಿ. ಆದರೂ ವಿಮಾನವನ್ನು ತಲೆಯೆತ್ತಿ ನೋಡುವುದಷ್ಟೇ ಗೊತ್ತಿದ್ದ ಎಷ್ಟೋ ಜನ ಅದರೊಳಗೆ ಕೂತರು. 2007ರಲ್ಲಿ ಕಂಪನಿಯ ಪಾಲು ಬೇರೆಯವರ ಕೈಗೆ ಹೋಯಿತು, ಮರುವರ್ಷ ಹೆಸರೂ ಹೋಯಿತು. ಕೊಂಡವರ ವಿಮಾನಗಳೂ 2012ರಲ್ಲಿ ನೆಲಕ್ಕಿಳಿದವು. ಆದರೆ ಅಗ್ಗದ ಟಿಕೆಟ್ಟಿನ ಪದ್ಧತಿ ಉಳಿಯಿತು. ಇವತ್ತು ನಮ್ಮ ದೇಶದೊಳಗೆ ಹಾರುವವರಲ್ಲಿ ಬಹುಪಾಲು ಜನ ಆ ಪದ್ಧತಿಯಲ್ಲೇ ಹಾರುತ್ತಿದ್ದಾರೆ.

ಇನ್ನು ಸಿನಿಮಾ. ಅದರ ಎದೆಗೂಡು ಒಂದೇ ದೃಶ್ಯದಲ್ಲಿದೆ. ನಾಯಕನ ತಂದೆ ಊರಲ್ಲಿ ಸಾಯುತ್ತಿದ್ದಾನೆ. ಮಗ ದೂರದಲ್ಲಿದ್ದಾನೆ. ವಿಮಾನ ನಿಲ್ದಾಣಕ್ಕೆ ಓಡುತ್ತಾನೆ. ಟಿಕೆಟ್ಟಿಗೆ ದುಡ್ಡು ಸಾಲದು. ಗುರುತಿಲ್ಲದವರ ಮುಂದೆ ಕೈಯೊಡ್ಡಿ ಬೇಡುತ್ತಾನೆ. ಯಾರೂ ಕೊಡುವುದಿಲ್ಲ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಡವರಿಗೂ ವಿಮಾನ ಎಂಬ ಅವನ ಹಟಕ್ಕೆ ಸಿನಿಮಾ ಕೊಡುವ ಬಲವಾದ ಕಾರಣ ಇದು. ಗೋಪಿನಾಥರ ಕಥೆಯಲ್ಲಿ ಈ ಪ್ರಸಂಗ ಇಲ್ಲ, ಸಿನಿಮಾದವರು ಸೇರಿಸಿದ್ದು. ಸೇರಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಪರಊರಿನಲ್ಲಿ ಬದುಕುವವನ ಆಳದ ಭಯವನ್ನು ಅವರು ಸರಿಯಾಗಿ ಗುರುತಿಸಿದ್ದಾರೆ. ಅದೂ ಆ ವರ್ಷವೇ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತುಹೋಗಿ, ಊರಿನ ಚಿತೆಯನ್ನು ಮೊಬೈಲಿನಲ್ಲಿ ನೋಡಿದ ಜನ ಈ ದೃಶ್ಯವನ್ನು ಹೇಗೆ ನೋಡಿರಬೇಡ!

ಗ್ರಾಂಟ್ ರೋಡಿನವರಿಗೆ ಈ ಭಯ ಹಳೆಯದು. ಊರಿನ ಓದುಗರಿಗೆ ತಿಳಿಯಲಿ ಅಂತ ಹೇಳುತ್ತೇನೆ: ಪಶ್ಚಿಮ ರೈಲ್ವೆಯಲ್ಲಿ ಚರ್ನಿ ರೋಡಿಗೂ ಮುಂಬಯಿ ಸೆಂಟ್ರಲ್ಲಿಗೂ ನಡುವಿನ ಸ್ಟೇಷನ್ ಇದು. ಹತ್ತೊಂಬತ್ತನೆಯ ಶತಮಾನದ ಗವರ್ನರ್ ರಾಬರ್ಟ್ ಗ್ರಾಂಟನ ಹೆಸರು ಹೊತ್ತದ್ದು. ಪೂರ್ವಕ್ಕೆ ಲ್ಯಾಮಿಂಗ್ಟನ್ ರೋಡಿನ ರೇಡಿಯೋ-ಕಂಪ್ಯೂಟರ್ ಅಂಗಡಿಗಳು, ಹಳೆಯ ಸಿನಿಮಾ ಥಿಯೇಟರುಗಳು. ಪಶ್ಚಿಮಕ್ಕೆ ಭಾಜಿ ಗಲ್ಲಿ, ನಾನಾ ಚೌಕ. ಈ ಗಲ್ಲಿಗಳ ಹೋಟೆಲುಗಳಲ್ಲಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ನಮ್ಮ ಹುಡುಗರು ಹಗಲು ಟೇಬಲ್ ಒರೆಸಿ ರಾತ್ರಿ ಅದೇ ಟೇಬಲ್ಲಿನ ಮೇಲೆ ಮಲಗಿದವರು. ಎಂಬತ್ತು, ತೊಂಬತ್ತರ ದಶಕದಲ್ಲಿ ಈ ಕಡೆಯ ಬ್ಯಾಂಕ್ ಶಾಖೆಯಲ್ಲಿದ್ದ ನನಗೆ ಅವರ ಪಾಸ್‌ಬುಕ್ಕುಗಳ ಪರಿಚಯವಿತ್ತು.

ಟೆಲಿಗ್ರಾಂ ಹಿಡಿದು ಕೌಂಟರಿಗೆ ಬರುತ್ತಿದ್ದರು. 'ತಂದೆ ಸೀರಿಯಸ್, ಕೂಡಲೇ ಹೊರಡು' ಅಂತಿದ್ದರೆ ಮುಗಿಯಿತು ಅಂತಲೇ ಅರ್ಥ. ಓದಿದವನಿಗೂ ಗೊತ್ತು, ಓದಿ ಹೇಳಿದವನಿಗೂ ಗೊತ್ತು. ಖಾತೆಯಲ್ಲಿದ್ದದ್ದನ್ನು ತೆಗೆದುಕೊಂಡು, ಹೋಟೆಲಿನ ಧಣಿಗಳು ಗಲ್ಲಾದಿಂದ ಕೊಟ್ಟ ಮುಂಗಡ ಸೇರಿಸಿ, ಬಸ್ಸು ಹತ್ತುತ್ತಿದ್ದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಊರಲ್ಲಿ ಹೆಣ ಅಷ್ಟು ಹೊತ್ತು ಇಡುವುದಿಲ್ಲ. ಹುಡುಗ ಮುಟ್ಟುತ್ತಿದ್ದದ್ದು ಬೂದಿಗೆ, ಇಲ್ಲವೇ ಬೊಜ್ಜಕ್ಕೆ. ಹಾಗಂತ ವಿಮಾನ ಇರಲಿಲ್ಲವೆ? ಮಂಗಳೂರಿನ ಬಜ್ಪೆಯಲ್ಲಿ 1951ರಲ್ಲೇ ನಿಲ್ದಾಣವಾಗಿತ್ತು, ಉದ್ಘಾಟನೆಗೆ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಸಾಂತಾಕ್ರೂಜಿನಿಂದ ಹಾರಿದರೆ ಗಂಟೆ, ಗಂಟೆಕಾಲಿನ ದಾರಿ. ಆದರೆ ಆ ದಾರಿ ನಮ್ಮ ಖಾತೆದಾರರದ್ದಾಗಿರಲಿಲ್ಲ.

ಈಗ ಅಗ್ಗದ ವಿಮಾನ ಬಂತಲ್ಲ, ಈ ಹುಡುಗನ ಕಷ್ಟ ತೀರಿತೇ? ಸಿನಿಮಾ ನೋಡಿದವರು ತೀರಿತು ಅಂದುಕೊಂಡು ಕಣ್ಣೊರೆಸಿಕೊಂಡು ಏಳುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಅಗ್ಗದ ಟಿಕೆಟ್ಟಿನ ಗುಟ್ಟು ಬಹಳ ಸರಳ. ವಿಮಾನದಲ್ಲಿ 180 ಸೀಟು ಇದ್ದರೆ ಎಲ್ಲಕ್ಕೂ ಒಂದೇ ರೇಟು ಇರುವುದಿಲ್ಲ. ಮೊದಲು ಬಂದವರಿಗೆ ಕಡಿಮೆ, ಆಮೇಲಿನವರಿಗೆ ಸ್ವಲ್ಪ ಹೆಚ್ಚು, ಕೊನೆಯ ದಿನ ಬಂದವರಿಗೆ ಕಂಪ್ಯೂಟರ್ ಹೇಳಿದಷ್ಟು. ಈ ವಿದ್ಯೆ ಅಮೆರಿಕದಲ್ಲಿ ಕುದುರಿದ್ದು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಮುಂಚಿತವಾಗಿ ಕೊಳ್ಳುವವರಿಗೆ ಭಾರೀ ರಿಯಾಯಿತಿ ಕೊಟ್ಟು, ಎಲ್ಲರಿಗೂ ಅಗ್ಗವಾಗಿ ಮಾರುತ್ತಿದ್ದ ಪೀಪಲ್ ಎಕ್ಸ್‌ಪ್ರೆಸ್ ಎಂಬ ಕಂಪನಿಯ ಗಿರಾಕಿಗಳನ್ನು ಸೆಳೆದುಕೊಂಡಿತು. ಪೀಪಲ್ ಎಕ್ಸ್‌ಪ್ರೆಸ್ ಹೆಚ್ಚು ದಿನ ಬಾಳಲಿಲ್ಲ. ಒಂದು ರೂಪಾಯಿಯ ಸೀಟು ಬದುಕುವುದು ಅದೇ ವಿಮಾನದ ಕೊನೆಯ ಸೀಟನ್ನು ಕೊಳ್ಳುವವನ ದುಡ್ಡಿನಿಂದ.

ಆ ಕೊನೆಯ ಸೀಟಿನವನು ಯಾರು? ಬಹುಪಾಲು ಕಂಪನಿ ಖರ್ಚಿನಲ್ಲಿ ಮೀಟಿಂಗಿಗೆ ಹೊರಟ ಮ್ಯಾನೇಜರು. ಅವನಿಂದ ಹೆಚ್ಚು ಕೀಳಿದರೆ ಯಾರಿಗೂ ನೋವಿಲ್ಲ. ಆದರೆ ಅದೇ ಸಾಲಿನಲ್ಲಿ ತಂದೆ ತೀರಿಕೊಂಡ ಹೋಟೆಲ್ ಮಾಣಿಯೂ ನಿಂತಿರುತ್ತಾನೆ. ಇಬ್ಬರಿಗೂ ಇವತ್ತೇ ಹೋಗಬೇಕು. ಕಂಪ್ಯೂಟರಿಗೆ ಇಬ್ಬರೂ ಒಂದೇ. ಮದುವೆಗೆ, ಚೌತಿಗೆ, ಊರಿನ ಕೋಲಕ್ಕೆ ಎರಡು ತಿಂಗಳು ಮೊದಲೇ ಬುಕ್ ಮಾಡಬಹುದು. ಸಾವಿಗೆ ಅಡ್ವಾನ್ಸ್ ಬುಕಿಂಗ್ ಇದೆಯೇ? ಸಿನಿಮಾದ ನಾಯಕ ಕಟ್ಟುವುದು ಇಂಥದೇ ಅಗ್ಗದ ಕಂಪನಿ. ನಿಜ ಲೋಕದ ಅಂಥ ಕಂಪನಿಯ ಕೌಂಟರಿಗೆ, ತಂದೆ ಸಾಯುವ ದಿನ ಅದೇ ಜೇಬು ಹಿಡಿದು ಅವನು ಬಂದಿದ್ದರೆ ಅಲ್ಲೂ ಅವನು ಬೇಡಬೇಕಾಗಿತ್ತು. ಸಿನಿಮಾ ಒಂದು ನೋವನ್ನು ತೋರಿಸಿ, ಇನ್ನೊಂದು ಕಾಯಿಲೆಯ ಔಷಧಿ ಕೊಟ್ಟು ಗೆದ್ದಿದೆ. ಹಳ್ಳಿಯವರು ವಿಮಾನದಿಂದ ಇಳಿಯುವ ಕೊನೆಯ ದೃಶ್ಯ ಚೆನ್ನಾಗಿದೆ, ಚಪ್ಪಾಳೆಯೂ ಸಲ್ಲಬೇಕು. ಆದರೆ ಅವರು ಬರುವುದು ಸಂಭ್ರಮಕ್ಕೆ, ತೀರಿಹೋದವರ ಮುಖ ನೋಡಲಿಕ್ಕಲ್ಲ.

ಉಡುಪಿ ಹೋಟೆಲಿನವರಿಗೂ ಈ ಕಷ್ಟ ಇದೆ. ರಾತ್ರಿ ಉಳಿದ ಇಡ್ಲಿಗೆ ಬೆಲೆ ಇಲ್ಲ, ಹಾರಿಹೋದ ವಿಮಾನದ ಖಾಲಿ ಸೀಟಿಗೂ ಬೆಲೆ ಇಲ್ಲ. ಹಾಗಂತ ಗಿರಾಕಿಗೆ ಹಸಿವು ಜಾಸ್ತಿ ಅಂತ ಕಂಡು ಯಾವ ಹೋಟೆಲಿನವರೂ ಇಡ್ಲಿಗೆ ನಾಲ್ಕು ಪಟ್ಟು ರೇಟು ಹಾಕುವುದಿಲ್ಲ. ಬೋರ್ಡಿನಲ್ಲಿ ಬರೆದದ್ದೇ ರೇಟು.

ಪುಸ್ತಕದ ಬಗ್ಗೆಯೂ ನನಗೊಂದು ಕೊರತೆ ಕಂಡಿದೆ. ಏರ್ ಡೆಕ್ಕನ್ನಿನ ಗುರುತಾಗಿ ಗೋಪಿನಾಥರು ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು, ಚೌಕಳಿ ಕೋಟು, ಪಂಚೆಯ ಮುದುಕನನ್ನು. ಮೈಸೂರಿನಿಂದ ಬಂದು ಮುಂಬಯಿಯಲ್ಲಿ ಚಿತ್ರ ಬರೆದ ಲಕ್ಷ್ಮಣರೂ ನಮ್ಮ ಹಾಗೆ ಊರು ಬಿಟ್ಟವರೇ. ಆಯ್ಕೆ ಬಹಳ ಸೊಗಸು. ಆದರೆ ಆ ಮುದುಕ ಎಲ್ಲ ಕಡೆ ಇರುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. 'ಬಾನಯಾನ'ದಲ್ಲೂ ಹಾಗೇ ಆಗಿದೆ. ಲೈಸೆನ್ಸು, ಸಾಲ, ವಿಮಾನದ ಖರೀದಿ, ಮಂತ್ರಿಗಳ ಭೇಟಿ ಎಲ್ಲ ವಿವರವಾಗಿವೆ. ಸೀಟಿನಲ್ಲಿ ಕೂತವನು ಯಾಕೆ ಹೊರಟ, ಎಷ್ಟು ಕೊಟ್ಟ, ಹೊತ್ತಿಗೆ ಮುಟ್ಟಿದನೆ ಎನ್ನುವುದಕ್ಕೆ ಹೆಚ್ಚು ಜಾಗವಿಲ್ಲ. ಕಂಪನಿ ಕಟ್ಟಿದವರ ಕಥೆ ಅದು, ಹತ್ತಿದವರ ಕಥೆ ಇನ್ನೂ ಬರೆಯಬೇಕಾಗಿದೆ. ಆದರೂ ಸಿನಿಮಾದ ಪಕ್ಕದಲ್ಲಿಟ್ಟರೆ ಪುಸ್ತಕವೇ ಹೆಚ್ಚು ಪ್ರಾಮಾಣಿಕ. ಅದು ಸಾವನ್ನು ತೋರಿಸಿ ಟಿಕೆಟ್ಟು ಮಾರುವುದಿಲ್ಲ.

ನಮ್ಮ ದೇಶದ ವಿಮಾನಯಾನ ಹುಟ್ಟಿದ್ದು ಬೇರೆ ರೀತಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಜುಹೂವಿಗೆ ಪುಟ್ಟ ವಿಮಾನ ತಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಒಳಗೆ ಇದ್ದದ್ದು ಟಪಾಲು ಚೀಲ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಬೇಗ ಮುಟ್ಟುವುದಾದರೆ ಸಾಮಾನ್ಯ ಕಾಗದಗಳನ್ನೂ ಹೆಚ್ಚಿನ ದುಡ್ಡಿಲ್ಲದೆ ವಿಮಾನದಲ್ಲೇ ಒಯ್ಯುವ ಏರ್ಪಾಡಾಯಿತು. ವಿಮಾನವನ್ನು ಕಾಣದ ಅಮ್ಮನ ಕಾಗದವೂ ವಿಮಾನದಲ್ಲಿ ಬಂತು. ಮದುವೆಯ ಕಾಗದಕ್ಕೂ ಸೂತಕದ ಕಾಗದಕ್ಕೂ ಅಂಚೆಚೀಟಿ ಒಂದೇ ಬೆಲೆಯದು. ಜಗತ್ತನ್ನು ಬೆಸೆದದ್ದು ಅಂತ ನಾನು ಒಪ್ಪಿ ಸಹಿ ಹಾಕುವುದು ಇದಕ್ಕೆ.

ಹಾಗಾದರೆ ಅಗ್ಗದ ವಿಮಾನ ಬೇಡವೆ? ಖಂಡಿತ ಬೇಕು. ಅದು ಬಾರದಿದ್ದರೆ ನಮ್ಮ ಜನ ಚೌತಿಗೂ ಹಾರುತ್ತಿರಲಿಲ್ಲ. ಹಬ್ಬದ ದಿನ ಬಸ್ಸಿನವರೂ ರೇಟು ಏರಿಸುತ್ತಾರೆ ಎನ್ನುವುದೂ ನಿಜ. ನಾನು ಕೇಳುವುದು ಸಣ್ಣದು: ಪ್ರತಿ ವಿಮಾನದಲ್ಲಿ ಎರಡು ಸೀಟು ಸಾವಿನ ಮನೆಗೆ ಹೊರಟವರಿಗೆ, ಸಾಧಾರಣ ರೇಟಿನಲ್ಲಿ. ಅದು ಆಗುವ ಹೋಗುವ ಮಾತಲ್ಲ ಅನ್ನುವವರಿಗೆ ಉದಾಹರಣೆ ಕೊಡುತ್ತೇನೆ. 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಸರ್ಕಾರವೇ ವಿಮಾನ ದರಕ್ಕೆ ಮಿತಿ ಹಾಕಿತ್ತು. 2025ರ ಡಿಸೆಂಬರಿನಲ್ಲಿ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಮತ್ತೊಮ್ಮೆ ತಾತ್ಕಾಲಿಕ ಮಿತಿ ಹಾಕಿತು. ಸಣ್ಣ ಊರುಗಳ 'ಉಡಾನ್' ಯೋಜನೆ ಶುರುವಾದಾಗ ಅರ್ಧದಷ್ಟು ಸೀಟುಗಳಿಗೆ ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಇಟ್ಟಿದ್ದರು. ಡೆಲ್ಟಾ, ಏರ್ ಕೆನಡಾದಂಥ ಹೊರದೇಶದ ಕಂಪನಿಗಳು ಮನೆಯಲ್ಲಿ ಸಾವಾದವರಿಗೆ ಬೇರೆಯೇ ದರ ಇಟ್ಟಿವೆ. ಮೋಸ ಮಾಡುವವರು ಇದ್ದೇ ಇರುತ್ತಾರೆ. ಮರಣ ದಾಖಲೆ ಆಮೇಲೆ ಕೊಡದಿದ್ದರೆ ಬಾಕಿ ವಸೂಲಿ ಮಾಡಿ. ಬ್ಯಾಂಕಿನವರು ಇದಕ್ಕಿಂತ ಕಷ್ಟದ ವಸೂಲಿ ಮಾಡಿದ್ದೇವೆ.

ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತಿತು. ಈಗ ಸುದ್ದಿ ಊರಿನಿಂದ ಗ್ರಾಂಟ್ ರೋಡಿಗೆ ಕ್ಷಣದಲ್ಲಿ, ಪುಕ್ಕಟೆ ಮುಟ್ಟುತ್ತದೆ. ಸುದ್ದಿ ಕೇಳಿದವನು ಊರು ಮುಟ್ಟುವ ದರ ಮಾತ್ರ ಅದೇ ಕ್ಷಣದಲ್ಲಿ ಏರುತ್ತಿರುತ್ತದೆ. ಮುಂದಿನ ಡಿಸೆಂಬರ್ 7ರ ಭಾಷಣದಲ್ಲಿ ಯಾರಾದರೂ ಆ ಎರಡು ಸೀಟುಗಳ ಮಾತೆತ್ತಿದರೆ, ಕೂತು ಪೂರ್ತಿ ಕೇಳುತ್ತೇನೆ.