ಮಾಲೆ ಬಿಚ್ಚಿದ ಮೇಲೆ

ಕಾರ್ತಿಕ ಬಂತೆಂದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಕಪ್ಪು ಪಂಚೆಗಳು ಹೆಚ್ಚುತ್ತವೆ. ಕೊರಳಲ್ಲಿ ತುಳಸಿಮಣಿ, ಹಣೆಯಲ್ಲಿ ಗಂಧ, ಕೈಯಲ್ಲಿ ಊಟದ ಡಬ್ಬಿ. ಇನ್ನಷ್ಟು ದಿನ ಕಳೆದರೆ ಮೇಲ್ಮರುವತ್ತೂರಿಗೆ ಓಂ ಶಕ್ತಿ ಮಾಲೆ ಹಾಕಿದ ಹೆಂಗಸರ ಕೆಂಪು ಸೀರೆಗಳು. ಅಯ್ಯಪ್ಪನ ಮಂಡಲ ವ್ರತ 41 ದಿನ. ಅಷ್ಟೂ ದಿನ ಮಾಲೆ ಹಾಕಿದವರ ಮನೆಗಳಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಅದಕ್ಕೂ ಮುಂಚೆ ಎಷ್ಟೋ ತಮಿಳು ಮನೆಗಳು ಪುರಟಾಸಿ ತಿಂಗಳು ಪೂರ್ತಿ ಮಾಂಸ ಮುಟ್ಟಿರುವುದಿಲ್ಲ. ಗುಟ್ಟಹಳ್ಳಿಯ ಬಂಗಾರು ತಿರುಪತಿಗೆ ನಡೆದುಕೊಳ್ಳುವವರಿಗೆ ಶ್ರಾವಣ ಶನಿವಾರಗಳೂ ಉಂಟು. ಎಲ್ಲ ಕೂಡಿಸಿದರೆ ಕೆಜಿಎಫ್, ಬಂಗಾರಪೇಟೆಯ ಅನೇಕ ಮಾಂಸಾಹಾರಿ ಮನೆಗಳು ವರ್ಷದಲ್ಲಿ ಎರಡು ಮೂರು ತಿಂಗಳು ಸಸ್ಯಾಹಾರಿಗಳಾಗಿಯೇ ಬದುಕುತ್ತವೆ.

ಈ ದಿನಗಳಲ್ಲಿ ಸಿಕ್ಕವರೆಲ್ಲ ಹೇಳುವುದು ಒಂದೇ ಮಾತು: “ಸಾರ್, ಪೂರ್ತಿ ಬಿಟ್ಟುಬಿಡೋಣ ಅಂತ ಮನಸ್ಸಿದೆ. ಮಾಲೆ ಬಿಚ್ಚಿದ ಮೇಲೆ ಒಂದು ವಾರವೂ ತಡೆಯೋಕಾಗಲ್ಲ.” ಒಬ್ಬರಿಗೆ ಡಾಕ್ಟರು ಹೇಳಿದ್ದಾರೆ, ಇನ್ನೊಬ್ಬರ ಮಗಳು ಕಾಲೇಜಿನಿಂದ ಬಂದು ಪ್ರಾಣಿಹಿಂಸೆ ಬೇಡ ಅಂದಿದ್ದಾಳೆ, ಮತ್ತೊಬ್ಬರಿಗೆ ಮನಸ್ಸಿಗೇ ಬಂದಿದೆ. ಕಾರಣ ಯಾವುದೇ ಇರಲಿ, ಕಷ್ಟ ಒಂದೇ. ವ್ರತದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಹರಕೆ. ಹರಕೆ ತೀರಿದ ಮೇಲೆ ಹಿಡಿದು ನಿಲ್ಲಿಸಬೇಕಾದ್ದು ರುಚಿ. ಆ ರುಚಿಯನ್ನು ಪನೀರಿನಲ್ಲೋ, ಗೋಬಿ ಮಂಚೂರಿಯಲ್ಲೋ, ಪ್ಯಾಕೆಟ್ಟಿನಲ್ಲಿ ಬರುವ ಸೋಯಾ ಮಾಂಸದಲ್ಲೋ ಹುಡುಕಿದವರು ಬೇಗ ಬೇಸತ್ತು ವಾಪಸಾಗುತ್ತಾರೆ. ನಮ್ಮ ನೆಲದ ಕಾಳು, ಸೊಪ್ಪಿನ ಅಡುಗೆಯನ್ನು ಕಲಿತವರು ನಿಲ್ಲುತ್ತಾರೆ. ಇದು ನನ್ನ ಗಟ್ಟಿ ನಂಬಿಕೆ.

ನಮ್ಮ ಅದೃಷ್ಟ ನೋಡಿ, ಮಂಡಲ ವ್ರತ ನಡೆಯುವುದೂ ಅವರೆಕಾಯಿ ಸಂತೆಗೆ ಬರುವುದೂ ಒಂದೇ ಕಾಲದಲ್ಲಿ. ನಾಟಿ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವ ಗಿಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ತಳಿಗಳನ್ನು ಬಿಡುಗಡೆ ಮಾಡಿದ ಮೇಲೆ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಸಿಗುವಂತಾಯಿತು. ರೈತರಿಗೆ ಅದರಿಂದ ಒಳ್ಳೆಯದೇ ಆಗಿದೆ. ಆದರೆ ಚಳಿಯಲ್ಲಿ, ಇಬ್ಬನಿಯಲ್ಲಿ ಬಲಿತ ನಾಟಿ ಕಾಯಿಯ ಸೊಗಡು ಅದಕ್ಕಿಲ್ಲ. ಕೊಳ್ಳುವಾಗ ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿ ಮೂಸಿ. ಕೈಗೆ ಎಣ್ಣೆಯಂಥ ಜಿಡ್ಡು ಹತ್ತಬೇಕು, ಆ ವಾಸನೆ ಕೈ ತೊಳೆದರೂ ಉಳಿಯಬೇಕು. ಮಾಂಸ ಬಿಟ್ಟವರ ನಾಲಿಗೆ ಹುಡುಕುವ ಗಾಢತೆ ಇರುವುದು ಆ ಜಿಡ್ಡಿನಲ್ಲೇ.

ಮೊದಲ ಪಾಠ ಈ ಅವರೆಯ ಸಾರು. ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಹಸಿರು ಬೇಳೆ ಚಿಮ್ಮಿ ಬೀಳುತ್ತದೆ. ಮನೆಮಂದಿಯೆಲ್ಲ ಕೂತರೆ ಬೇಗ ಮುಗಿಯುವ ಕೆಲಸ. ಮಸಾಲೆ ಕೋಳಿಸಾರಿನದೇ: ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ. ಎಣ್ಣೆ ಬಿಡುವವರೆಗೆ ಅದನ್ನು ಹುರಿದು ನೀರು ಹಾಕಿ, ಕುದಿ ಬಂದ ಮೇಲೆ ಬೇಳೆ ಹಾಕಿ, ಒಡೆಯುವ ಮುಂಚೆ ಇಳಿಸಿ. ಮುದ್ದೆ ಮುರಿದು ಇದರಲ್ಲಿ ಅದ್ದಿ ನುಂಗಿದವರಿಗೆ ಏನೋ ಕಳೆದುಕೊಂಡ ಭಾವ ಬರುವುದಿಲ್ಲ. ಮಸಾಲೆ ಅದೇ, ಮುದ್ದೆ ಅದೇ, ಒಲೆಯ ಮೇಲಿನ ಘಮವೂ ಹೆಚ್ಚುಕಡಿಮೆ ಅದೇ.

ಎರಡನೆಯ ಪಾಠ ಬಸ್ಸಾರು. ಹುರುಳಿಕಾಳೋ ಅಲಸಂದೆಯೋ ಬೆಂದ ಮೇಲೆ ದಂಟು, ಕೀರೆ, ಸಬ್ಬಸಿಗೆ ಸೇರಿಸಿ ಬೇಯಿಸಿ, ಕಟ್ಟು ಬಸಿದುಕೊಳ್ಳಬೇಕು. ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಕಾಯಿ, ಜೊತೆಗೆ ಒಂದು ಸೌಟು ಬೆಂದ ಕಾಳು ರುಬ್ಬಿ ಆ ಕಟ್ಟಿಗೆ ಹಾಕಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಹೊಸಬರು ಕೆಡಿಸುವುದು ಕಟ್ಟನ್ನು ಚೆಲ್ಲಿ. ಕಾಳಿನ ಸಾರವೆಲ್ಲ ಇಳಿದಿರುವುದು ಅಲ್ಲೇ. ಮಳೆ ಬಿದ್ದ ಹೊಲದಲ್ಲಿ ಅಣ್ಣೆ, ಹೊನಗೊನ್ನೆ, ಕೀರೆ ಎಲ್ಲ ಕಿತ್ತು ತಂದು ಮಾಡುವ ಬೆರಕೆ ಸೊಪ್ಪಿನ ಮಸ್ಸೊಪ್ಪು ಇದರ ಇನ್ನೊಂದು ರೂಪ. ಈಗ ಆ ಸೊಪ್ಪುಗಳ ಹೆಸರು ಬಲ್ಲ ಅಜ್ಜಿಯರು ಕಮ್ಮಿಯಾಗುತ್ತಿದ್ದಾರೆ. ಮನೆಯಲ್ಲಿ ಒಬ್ಬರಿದ್ದರೆ ಅವರ ಜೊತೆ ಹೊಲಕ್ಕೆ ಹೋಗಿ ಬನ್ನಿ.

ಕೆಜಿಎಫ್‌ನವರು ಇದೆಲ್ಲ ಹಳ್ಳಿಯ ಊಟ ಅಂದುಕೊಳ್ಳಬೇಕಾಗಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿನ ಚಿನ್ನದ ಗಣಿ ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದವರು ತಮ್ಮ ಅಡುಗೆಯನ್ನೂ ತಂದರು. ಲೈನ್ ಮನೆಗಳ ಕರುವಾಡು ಕೊಳಂಬನ್ನೇ ತೆಗೆದುಕೊಳ್ಳಿ. ಒಣಮೀನಿನ ಜೊತೆ ಅದಕ್ಕೆ ಬೀಳುವುದು ಬದನೆಕಾಯಿ ಮತ್ತು ಮೊಚ್ಚೆ, ಅಂದರೆ ನಮ್ಮ ಅವರೆಯೇ. ಒಣಮೀನು ಬಿಟ್ಟು, ಒಂದು ನುಗ್ಗೆಕಾಯಿ ಹೆಚ್ಚಿಗೆ ಹಾಕಿ, ಹುಣಸೆರಸವನ್ನು ಚೆನ್ನಾಗಿ ಬತ್ತಿಸಿ, ಎಳ್ಳೆಣ್ಣೆ ಮೇಲೆ ತೇಲುವ ತನಕ ಬಿಟ್ಟರೆ ಕೊಳಂಬು ಕೆಡುವುದಿಲ್ಲ. ಮರುದಿನ ಇನ್ನೂ ರುಚಿ. ಆಂಗ್ಲೋ-ಇಂಡಿಯನ್ ಮನೆಗಳ ಭಾನುವಾರದ ಊಟದಲ್ಲಿ ಬಾಲ್ ಕರಿಯ ಪಕ್ಕಕ್ಕೆ ಬರುವ ಯೆಲ್ಲೋ ರೈಸ್ ಅರಿಸಿನ ಹಾಕಿ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ. ಅವರ ಪೆಪ್ಪರ್ ವಾಟರ್ ಹುಣಸೆ, ಟೊಮೇಟೊ, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿಯ ಸಾರು. ತುಪ್ಪ, ಬೆಣ್ಣೆ ಸೋಕಿಸದೆ ಎರಡನ್ನೂ ಸೊಗಸಾಗಿ ಮಾಡಬಹುದು.

ಈಗ ಹಾಲನ್ನೂ ಬಿಡುವವರ ಮಾತು. ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದಾಗ ಹೆಸರು ಪಡೆದ ಈ ದಾರಿ ಕೋಲಾರದಲ್ಲಿ ಕಡಿದಾದದ್ದು. ನಮ್ಮದು ಹಾಲಿನ ಜಿಲ್ಲೆ. ಎರಡು ಹೊತ್ತು ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಮನೆಗಳು ಪ್ರತಿ ಊರಿನಲ್ಲೂ ಇವೆ. ಅವರ ಎದುರು ಹಾಲು ಪಾಪ ಎಂದು ಮಾತಾಡುವುದು ನನ್ನಿಂದಾಗದು. ತನಗಾಗಿ ಬಿಡುವವರಿಗೆ ಮಾತ್ರ ನಮ್ಮ ನೆಲ ಕೈಬಿಡುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಹೆಚ್ಚು ಹತ್ತುತ್ತದೆ. ಬೆಲ್ಲ, ತೆಂಗಿನಹಾಲು ಹಾಕಿದ ಗಂಜಿಗೆ ಆ ಹಿಟ್ಟೇ ಸರಿ. ಮುದ್ದೆಗೆ ತುಪ್ಪದ ಬದಲು ಹುಚ್ಚೆಳ್ಳು ಚಟ್ನಿ ಇದೆ. ಸಂಜೆಗೆ ಬಂಗಾರಪೇಟೆಯ ಪಾನಿಪುರಿ ಇದೆ: ಬಣ್ಣವೇ ಇಲ್ಲದ, ತಿಳಿಯಾದ, ಗಂಟಲಲ್ಲಿ ಮಾತ್ರ ತನ್ನ ಖಾರ ತೋರಿಸುವ ಆ ನೀರು ನಮ್ಮೂರ ಹೆಸರನ್ನು ಬೆಂಗಳೂರಿನ ಬೀದಿ ಬೀದಿಗೆ ಒಯ್ದಿದೆ. ಮೊಸರನ್ನಕ್ಕೆ ಸಮ ನಿಲ್ಲುವುದು ನನಗೆ ಯಾವುದೂ ಸಿಕ್ಕಿಲ್ಲ. ಊಟದ ಕೊನೆಯನ್ನೇ ಬದಲಿಸಿ ಪೆಪ್ಪರ್ ವಾಟರ್ ಅನ್ನದಿಂದ ಮುಗಿಸಿ ಎಂದು ಹೇಳುತ್ತೇನೆ.

ಒಂದು ಮಾತು ಖಡಾಖಂಡಿತ. ಬಿ12 ಜೀವಸತ್ವ ಕಾಳು, ಸೊಪ್ಪು, ಧಾನ್ಯಗಳಿಂದ ಸಿಗುವುದಿಲ್ಲ. ಹಾಲು ಮೊಸರೂ ಬಿಟ್ಟವರು ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಬಸುರಿಯರು, ಬೆಳೆಯುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ನಿಂಬೆರಸ ಹಿಂಡಿ, ಊಟದ ಬೆನ್ನಿಗೇ ಟೀ ಕುಡಿಯಬೇಡಿ.

ಇನ್ನೊಂದು ಮಾತು ತಟ್ಟೆಗಿಂತ ದೊಡ್ಡದು. ಮಾಂಸ ತಿನ್ನುವವರನ್ನು ಕೀಳಾಗಿ ಕಂಡ ಚರಿತ್ರೆ ನಮ್ಮಲ್ಲಿ ಉದ್ದವಾಗಿದೆ. ಆ ಅವಮಾನ ಉಂಡ ಜನವೇ ನೆಲದಡಿ ಮೂರು ಕಿಲೋಮೀಟರು ಇಳಿದು ಚಿನ್ನ ತೆಗೆದದ್ದು. ತಮಿಳು ಚಿಂತಕ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರು ಬಿಟ್ಟದ್ದು ಆ ಅವಮಾನಕ್ಕೆ ಉತ್ತರವಾಗಿ. ಪ್ರಾಣಹಾನಿ ಬೇಡವೆನ್ನುವುದು ಪಂಚಶೀಲದ ಮೊದಲ ನಿಯಮ. ಅದನ್ನು ಹೇಳಿದ ಧರ್ಮವೇ ಮನುಷ್ಯರನ್ನು ಸಮಾನರೆಂದೂ ಕಂಡಿತು. ಮಾಂಸ ಬಿಟ್ಟವರು ಪಕ್ಕದ ಮನೆಯ ತಟ್ಟೆ ನೋಡಿ ಮೂಗು ಮುರಿದರೆ ಅವರ ದಯೆ ಅರ್ಧಕ್ಕೇ ನಿಂತಂತೆ. ಬಿಡಿ, ಸಂತೋಷದಿಂದ ಬಿಡಿ, ಜೊತೆಯಲ್ಲಿ ಕೂತು ಉಣ್ಣುವುದನ್ನು ಮಾತ್ರ ಬಿಡಬೇಡಿ.

ಸಂಕ್ರಾಂತಿ ಕಳೆದರೆ ಅವರೆಕಾಯಿ ಇಳಿಮುಖ. ಮಾಲೆ ಬಿಚ್ಚಿದವರಿಗೆ ನಿಜವಾದ ಪರೀಕ್ಷೆ ಶುರುವಾಗುವುದು ಆಗ. ಆದ್ದರಿಂದ ಈ ವಾರವೇ ಕೆಲಸ ಶುರುಮಾಡಿ. ಬೇಸಿಗೆಗೆ ಬೇಕಾಗುವಷ್ಟು ಒಣ ಅವರೆ, ಹುರುಳಿ, ಅಲಸಂದೆ ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿಸಿದ ಬೇವಿನ ಸೊಪ್ಪು ಸೇರಿಸಿ ಡಬ್ಬಿ ತುಂಬಿಡಿ. ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಕಾಳು ನೆನೆಹಾಕುವುದನ್ನು ರೂಢಿ ಮಾಡಿಕೊಳ್ಳಿ. ಕೆಲಸದಿಂದ ಹಸಿದು ಬಂದ ಹೊತ್ತಿಗೆ ಮನೆಯಲ್ಲಿ ನೆನೆದ ಕಾಳು ಇದ್ದವರು ಹೋಟೆಲಿನ ಕಡೆ ತಿರುಗುವುದು ಅಪರೂಪ.